ಮೂರು ಬೇರೆ ಬೇರೆ ಜೀನ್, ಕಾಯಿಲೆ ಮಾತ್ರ ಒಂದೇ, ಹೇಗೆ?

ಮಿದುಳಿನ ಸಣ್ಣ ರಕ್ತನಾಳಗಳು ಹಿಗ್ಗಿ, ಗೋಡೆ ತೆಳುವಾಗಿ, ಗೊಂಚಲು ಗೊಂಚಲಾಗಿ ಉಬ್ಬಿ ಆಗಾಗ ಸೋರುವ ಕಾಯಿಲೆಯೇ ಸಿಸಿಎಂ (ಸೆರೆಬ್ರಲ್ ಕ್ಯಾವರ್ನಸ್ ಮಾಲ್ಫಾರ್ಮೇಶನ್). ಕ್ರಿಟ್1, ಸಿಸಿಎಂ2, ಸಿಸಿಎಂ3 ಇವುಗಳಲ್ಲಿ ಯಾವ ಜೀನ್ ಕೆಟ್ಟರೂ ಇದೇ ಕಾಯಿಲೆ ಯಾಕೆ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ಯಾಕಂದ್ರೆ ಈ ಮೂರೂ ಜೀನ್‌ಗಳಿಂದ ತಯಾರಾಗುವ, ಅದೇ ಹೆಸರಿನ ಪ್ರೋಟೀನ್‌ಗಳು ಸರಪಳಿಯ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವಿನ ಕೊಂಡಿ ಸಿಸಿಎಂ2. ಆದ್ರೆ ನನಗೆ ತುಂಬಾ ಇಷ್ಟವಾದದ್ದು ಕ್ರಿಟ್1 ತನ್ನ ಜಾಗದಲ್ಲಿ ಕೂರುವ ರೀತಿ. ನಾಳದ ಒಳಪದರದ ಕೋಶಗಳ ಪೊರೆಯಲ್ಲಿ ಹೆಗ್1 ಅನ್ನೋ ಪ್ರೋಟೀನ್ ಇದೆ. ಕೋಶದೊಳಗೆ ಚಾಚಿದ ಅದರ ಬಾಲದ ಕೊನೆಯ ಎರಡೇ ಎರಡು ಅಮೈನೋ ಆಮ್ಲಗಳು, ಟೈರೋಸಿನ್ ಮತ್ತು ಫಿನೈಲ್‌ಅಲನಿನ್, ಕ್ರಿಟ್1ರ ‘ಫರ್ಮ್’ ಅನ್ನೋ ಭಾಗದ ಒಂದು ಹೊಂಡದಲ್ಲಿ ಸರಿಯಾಗಿ ಕೂತುಬಿಡುತ್ತವೆ. ಹೀಗೆ ಕ್ರಿಟ್1 ಕೋಶಗಳು ಕೂಡುವ ಜಾಗದಲ್ಲಿ ನಿಲ್ಲುತ್ತದೆ.

ಕೊಂಡಿ ತಪ್ಪಿದರೆ, ಸಿಸಿಎಂ2 ಹಿಡಿದಿಟ್ಟಿದ್ದ ಎಂಇಕೆಕೆ3 ಅನ್ನೋ ಕೈನೇಸ್‌ಗೆ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಲಂಗುಲಗಾಮು ಇರುವುದಿಲ್ಲ. ಆಗ ಬೇರೆ ಜೀನ್‌ಗಳನ್ನು ನಿಯಂತ್ರಿಸುವ ಕೆಎಲ್‌ಎಫ್2, ಕೆಎಲ್‌ಎಫ್4 ಅನ್ನೋ ಪ್ರೋಟೀನ್‌ಗಳು ಜಾಸ್ತಿಯಾಗುತ್ತವೆ, ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ.

ಆದ್ರೆ ಮೂರೂ ಪೂರ್ತಿ ಸಮ ಅಲ್ಲ. ಸಿಸಿಎಂ3 ಬೇರೆ ಕೈನೇಸ್‌ಗಳ ಜೊತೆಗೂ ಸೇರುತ್ತದೆ, ಮತ್ತೆ ಆ ಜೀನ್ ಕೆಟ್ಟವರಲ್ಲಿ ಸಾಮಾನ್ಯವಾಗಿ ಚಿಕ್ಕ ವಯಸ್ಸಿಗೇ ರಕ್ತಸ್ರಾವ ಶುರುವಾಗುತ್ತದೆ.