ಕಾಡು, ಗುಡ್ಡ ಅಂದ್ರೆ ಪ್ರಾಣ ಬಿಡುತ್ತಿದ್ದ ಅಮ್ಮನ ನೆನಪು ಮಕ್ಕಳಲ್ಲಿ ಉಳಿಯುವಂತೆ ಮಾಡುವುದು ಹೇಗೆ?

ಅಮ್ಮ ಹೋಗಿ ವರ್ಷ ಆಗುತ್ತಾ ಬಂತು, ಮಕ್ಕಳಿಗೆ ಅಜ್ಜಿ ಬರೀ ಗೋಡೆ ಮೇಲಿನ ಫೋಟೋ ಆಗಿಬಿಡ್ತಾರೇನೋ ಅನ್ನೋ ಭಯ ಅಂತ ಬರೆದಿದ್ದೀರಿ. ಆ ಭಯ ನನಗೂ ಇತ್ತು. ನನ್ನ ಅನುಭವದಲ್ಲಿ ಒಂದೇ ದಾರಿ. ಅಮ್ಮ ಯಾವ ತಿಂಗಳಲ್ಲಿ ಎಲ್ಲಿಗೆ ಹೋಗುತ್ತಿದ್ದರು, ಅಲ್ಲಿಂದ ಏನು ತರುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ. ಆ ತಿಂಗಳು ಬಂದಾಗ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ.

ನಮ್ಮದು ಶಿರಸಿ ಕಡೆ. ಅಡಿಕೆ ತೋಟಕ್ಕೆ ಗೊಬ್ಬರಕ್ಕೆ ಅಂತ ಸೊಪ್ಪು ಬೇಕಲ್ವಾ, ಅದಕ್ಕೆ ಬ್ರಿಟಿಷರ ಕಾಲದಿಂದಲೂ ತೋಟದವರಿಗೆ ಸೊಪ್ಪಿನ ಬೆಟ್ಟ ಅಂತ ಕಾಡಿನ ಜಾಗ ಬಿಟ್ಟುಕೊಟ್ಟಿದ್ದಾರೆ, ಒಂದು ಎಕರೆ ತೋಟಕ್ಕೆ 9 ಎಕರೆಯ ತನಕ. ನನ್ನ ಆಯಿಯ (ನಾವು ಅಮ್ಮನನ್ನು ಆಯಿ ಅನ್ನೋದು) ಲೋಕ ಅಂದ್ರೆ ಆ ಬೆಟ್ಟ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಕೊಟ್ಟಿಗೆಗೆ ದರಕು, ಅಂದ್ರೆ ಉದುರಿದ ಒಣ ಎಲೆ. ಕೆಲಸಕ್ಕೆ ಅಂತ ಹೋಗುತ್ತಿದ್ದಳು, ನಿಜ. ಆದರೆ ಕೆಲಸ ಮುಗಿದ ಮೇಲೂ ಬೇಗ ಮನೆಗೆ ಬರುತ್ತಿರಲಿಲ್ಲ. ಬರುವಾಗ ಸೆರಗಿನ ಗಂಟಿನಲ್ಲಿ ನೇರಳೆಯೋ ಕೌಳಿ ಹಣ್ಣೋ ಇರಲೇಬೇಕು, ಮೊದಲು ನಮಗೆ, ಆಮೇಲೆ ಮೊಮ್ಮಕ್ಕಳಿಗೆ.

ನಾನು ಮಕ್ಕಳಿಗೆ ಮೊದಲು ತೋರಿಸಿದ್ದು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಘಮದ ಕಾಡು ಮಾವಿನ ಮಿಡಿ. ಆಯಿ ಉಪ್ಪಿನಕಾಯಿಗೆ ಮಿಡಿ ಆರಿಸುವಾಗ ಕಣ್ಣಿಗಿಂತ ಮೂಗನ್ನೇ ಜಾಸ್ತಿ ನಂಬುತ್ತಿದ್ದಳು. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತೆ. ಅದು ಮೈಗೆ ತಾಗಿದರೆ ಸುಡುತ್ತೆ, ಹಾಗಾಗಿ ತಾನೇ ಮುರಿದು, ದೂರ ಹಿಡಿದು, "ಕೂಸೇ, ಮೂಸಿ ನೋಡು" ಅನ್ನುತ್ತಿದ್ದಳು. ಒಂದು ಮರದ್ದು ಜೀರಿಗೆ ವಾಸನೆ, ಇನ್ನೊಂದರದ್ದು ಕರ್ಪೂರ. ಈಗ ನನ್ನ ಮಗಳು ಮಿಡಿ ಕಂಡ ಕೂಡಲೇ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿಯುತ್ತಾಳೆ. ಅಮ್ಮಮ್ಮನ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ, ಆದರೆ ಅಮ್ಮಮ್ಮ ಮಾಡುತ್ತಿದ್ದ ಹಾಗೇ ತಲೆ ಓರೆ ಮಾಡಿ ಮೂಸುತ್ತಾಳೆ.

ಬೇಸಿಗೆ ರಜೆಯ ಕೊನೆಗೆ ಮುರುಗಲು, ಅಂದ್ರೆ ಕೋಕಂ ಹಣ್ಣು. ಹಣ್ಣು ಒಡೆದು, ಸಿಪ್ಪೆಯನ್ನು ಮೃಗಶಿರಾ ಮಳೆ ಹಿಡಿಯುವ ಮೊದಲು ಒಣಗಿಸಿಬಿಡಬೇಕು. ಅಂಗಳ ತುಂಬ ಕೆಂಪು, ಮಕ್ಕಳ ಕೈ, ಅಂಗಿ ಎಲ್ಲ ಕೆಂಪು. ಬೀಜವನ್ನೂ ಆಯಿ ಎಸೆಯುತ್ತಿರಲಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತೆ, ಅದನ್ನು ತೆಗೆದು ಆರಿಸಿದರೆ ಮುರುಗಲ ತುಪ್ಪ, ಗಟ್ಟಿ ಉಂಡೆ. ಹಿಮ್ಮಡಿ ಒಡೆದಾಗ ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ ಬಿರುಕಿಗೆ ತಿಕ್ಕಿಕೊಳ್ಳುತ್ತಿದ್ದಳು. ದಿನವಿಡೀ ಬೆಟ್ಟ ಸುತ್ತಿ ಬಂದ ಕಾಲು ಅದು. ರಾತ್ರಿ ಅದೇ ಕೈಯಿಂದ ಮೊಮ್ಮಕ್ಕಳ ಕಾಲಿಗೂ ಹಚ್ಚಿಯೇ ಮಲಗಿಸುತ್ತಿದ್ದಳು.

ನೀವು ಪೇಟೆಯಲ್ಲಿದ್ದರೆ ಇದೆಲ್ಲ ಆಗಲ್ಲ ಅಂತ ಬಿಡಬೇಡಿ. ನನ್ನ ಬಾಣಂತನಕ್ಕೆ ಅಂತ ಆಯಿ ಬೆಂಗಳೂರಿಗೆ ಬಂದಾಗ ಮಗುವಿನ ಕೆಲಸ ಮುಗಿದರೆ ಸಾಕು, ಕಿಟಕಿ ಹತ್ತಿರ ನಿಲ್ಲುತ್ತಿದ್ದಳು. ಲಾಲ್‌ಬಾಗಿಗೆ ಕರೆದುಕೊಂಡು ಹೋದ ದಿನ ಆ ದೊಡ್ಡ ಬೂರುಗದ ಮರದ ಬುಡ ಮುಟ್ಟಿ ನಿಂತವಳು ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೂರು ಸಾವಿರ ಮಿಲಿಯನ್ ವರ್ಷ ಹಳೆಯದು ಅಂತಾರಲ್ಲ, ಆ ಬಂಡೆ ಮೇಲೆ ಕೂತು ಚಪ್ಪಲಿ ಬಿಟ್ಟಳು. ಈಗಲೂ ನಾವು ಅಲ್ಲಿಗೆ ಹೋದರೆ ಮಕ್ಕಳು ಬಂಡೆ ಹತ್ತುವ ಮೊದಲು ಚಪ್ಪಲಿ ಬಿಡುತ್ತಾರೆ, ಯಾರೂ ಹೇಳಿಕೊಟ್ಟಿಲ್ಲ.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಿನಲ್ಲೇ ಹೋಗಿ ಪದ್ಮಶ್ರೀ ತಗೊಂಡಿದ್ದನ್ನು ಟೀವಿಯಲ್ಲಿ ನೋಡಿ ಆಯಿ ಕಣ್ಣೊರೆಸಿಕೊಂಡಿದ್ದಳು. ಶಾಲೆ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತಾ ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ಕಲಿತ ಹೆಂಗಸು. ನಮ್ಮ ಆಯಂದಿರಿಗೆ ಪ್ರಶಸ್ತಿ ಬರಲ್ಲ. ಆದರೆ ಅವರ ತಿಳಿವಳಿಕೆ ಸಣ್ಣದಲ್ಲ, ಇದನ್ನು ಮಕ್ಕಳಿಗೆ ಬಾಯಿ ಬಿಟ್ಟು ಹೇಳಿ.

ಒಂದು ಎಚ್ಚರಿಕೆ. ಅಜ್ಜಿ ತರುತ್ತಿದ್ದರು ಅಂತ ಗುರುತು ಸಿಗದ ಅಣಬೆ ತರಲು ಹೋಗಬೇಡಿ. ಕಳಲೆ (ಎಳೆ ಬಿದಿರಿನ ಮೊಳಕೆ) ಆದರೂ ಅಷ್ಟೇ, ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿಟ್ಟೇ ಅಡುಗೆ ಮಾಡಬೇಕು, ಹಸಿಯದರಲ್ಲಿ ವಿಷ ಇರುತ್ತೆ.

ಮತ್ತೆ, ಅಮ್ಮನ ಜೊತೆ ಗುಡ್ಡಕ್ಕೆ ಹೋಗುತ್ತಿದ್ದವರು ಊರಲ್ಲಿ ಇನ್ನೂ ಇದ್ದರೆ ತಡ ಮಾಡದೆ ಹೋಗಿ ಮಾತಾಡಿಸಿ. ಯಾವ ದಾರಿಯಲ್ಲಿ ಹೋಗುತ್ತಿದ್ದರು, ಎಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು, ಎಲ್ಲ ಕೇಳಿ. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಹೇಳಿದ್ದಕ್ಕೇ ನನಗೆ ಗೊತ್ತಾಗಿದ್ದು, ಆಯಿಗೆ ತುಂಬಾ ಇಷ್ಟದ ಅಪ್ಪೆಮರ ಹಳ್ಳದ ಆಚೆ ದಡದ್ದು ಅಂತ. ಈ ಸಲ ರಜೆಗೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗ್ತೀನಿ, ದೊಡ್ಡಮ್ಮನೂ ಬರ್ತೀನಿ ಅಂದಿದ್ದಾರೆ.