ಎಂಟು ಪುಟದ ಫಾರಂ ಕೊಟ್ಟಿದ್ದಾರೆ, ಸಹಿ ಹಾಕಬಹುದಾ?

ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆಸ್ಪತ್ರೆಯಲ್ಲಿ ‘ಸ್ಟಡಿ’ (ಅಂದರೆ ಸಂಶೋಧನೆ) ಅಂತ ಹೇಳಿದರೆ ಹೆದರಬೇಡಿ, ಕೇಳಿ ತಿಳಿದುಕೊಳ್ಳಿ ಅಂತ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ ಹೇಳುತ್ತೇನೆ. ಮಂಗಳೂರಿನಲ್ಲಿ 22 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಆಮೇಲೆ 9 ವರ್ಷ ರಿಸರ್ಚ್ ನರ್ಸ್. ಈಗ ನಿವೃತ್ತಿಯಾಗಿದ್ದೇನೆ. ನಾನು ಡಾಕ್ಟರ್ ಅಲ್ಲ. ಮದ್ದು ಬದಲಿಸುವ ಪ್ರಶ್ನೆಗಳನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಬೇಕು.

ಸಿಸ್ಟರ್, ನನ್ನ ಅತ್ತೆಗೆ 64 ವರ್ಷ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಉಬ್ಬಸ ಜಾಸ್ತಿಯಾಗಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೇವೆ. ಚಿಕ್ಕ ಪ್ರಾಯದ ಡಾಕ್ಟರೊಬ್ಬರು ಎಂಟು ಪುಟದ ಫಾರಂ ಕೊಟ್ಟು, “ಸ್ಟಡಿಗೆ ಸೇರಿಸ್ತೇವೆ, ಸಹಿ ಹಾಕಿ” ಅಂದರು. ನನ್ನ ಗಂಡ “ಅಮ್ಮನ ಮೇಲೆ ಪ್ರಯೋಗ ಮಾಡ್ತಾರೆ, ಬೇಡ” ಅಂತಾರೆ. ಬೇಡ ಅಂದರೆ ಡಾಕ್ಟರಿಗೆ ಸಿಟ್ಟು ಬಂದು ಸರಿಯಾಗಿ ನೋಡದಿದ್ದರೆ ಅಂತ ನನಗೆ ಹೆದರಿಕೆ. ಎಂತ ಮಾಡುವುದು?
— ಬಂಟ್ವಾಳದ ಓದುಗರು

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ನಿಮ್ಮ ಗಂಡನ ಮಾತು ಉಂಟು, ನಿಮ್ಮ ಹೆದರಿಕೆ ಉಂಟು, ಡಾಕ್ಟರ ಮಾತು ಉಂಟು. ಅತ್ತೆಯ ಮಾತು ಮಾತ್ರ ಇಲ್ಲ. ಅವರಿಗೆ ಎಚ್ಚರ ಇದೆ, ಬುದ್ಧಿ ಸ್ವಾಧೀನದಲ್ಲಿದೆ ಎಂದಾದರೆ ಸಹಿ ಹಾಕಬೇಕಾದವರು ಅವರೇ. ನೀವೂ ಅಲ್ಲ, ನಿಮ್ಮ ಗಂಡನೂ ಅಲ್ಲ. ಮೊದಲು ಹೋಗಿ ಅವರನ್ನು ಕೇಳಿ.

ಓದಲು ಬರುವುದಿಲ್ಲವಾದರೆ ಹೆಬ್ಬೆಟ್ಟು ಒತ್ತಬಹುದು. ಆಗ ಸ್ಟಡಿಗೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿಯಾಗಿ ಪಕ್ಕದಲ್ಲಿರಬೇಕು. ಫಾರಂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ನಮ್ಮ ಊರಿನಲ್ಲಿ ಇದೇ ದೊಡ್ಡ ತೊಂದರೆ. ಒಂದೇ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಇರುತ್ತದೆ. ಕನ್ನಡದ ಫಾರಂ ಕೈಗೆ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಮ್ಮೆ ಒಬ್ಬರು ಅಜ್ಜಿ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸಹಿ ಹಾಕಲು ಪೆನ್ನು ಹಿಡಿದಿದ್ದರು. ಸುಮ್ನೆ ಒಂದು ಮಾತಿಗೆ, “ಈಗ ನಾನು ಎಂತ ಹೇಳಿದೆ, ನೀವು ಹೇಳಿ” ಅಂದೆ. “ಎಂಕ್ ಗೊತ್ತುಜ್ಜಿ” ಅಂದರು, ತುಳುವಿನಲ್ಲಿ ‘ನನಗೆ ಗೊತ್ತಿಲ್ಲ’ ಅಂತ. ಪೆನ್ನು ವಾಪಸ್ ತಗೊಂಡು, ಮೊದಲಿನಿಂದ ತುಳುವಿನಲ್ಲೇ ಹೇಳಿದೆ. ಕಡೆಗೆ ಅವರು ಬೇಡ ಅಂದರು. ಆ ‘ಬೇಡ’ ನನಗೆ ಆ ಸಹಿಗಿಂತ ಹೆಚ್ಚು ಸಮಾಧಾನ ಕೊಟ್ಟಿತು.

ಇನ್ನು ನಿಮ್ಮ ಗಂಡ ಹೇಳುವ ‘ಪ್ರಯೋಗ’. ಎಲ್ಲ ಸ್ಟಡಿಯಲ್ಲೂ ಹೊಸ ಮದ್ದು ಕೊಡುವುದಿಲ್ಲ. ಮಂಗಳೂರು, ಮಣಿಪಾಲ, ದೇರಳಕಟ್ಟೆ, ಹೀಗೆ ನಮ್ಮ ಸುತ್ತ ಇರುವುದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬ ಡಾಕ್ಟರೂ ಒಂದು ಥೀಸಿಸ್ ಬರೆಯಬೇಕು. ನಿಮ್ಮ ಹತ್ತಿರ ಬಂದ ಚಿಕ್ಕ ಪ್ರಾಯದ ಡಾಕ್ಟರ್ ಬಹುಶಃ ಅಂಥವರೇ. ಅಂಥ ಸ್ಟಡಿಗಳಲ್ಲಿ ಹೆಚ್ಚಿನವು ಕೇಸ್ ಫೈಲ್ ನೋಡುವುದು, ನಾಲ್ಕು ಪ್ರಶ್ನೆ ಕೇಳುವುದು, ಹೇಗೂ ತೆಗೆಯುವ ರಕ್ತದ ಜೊತೆ ಇನ್ನೂ ಸ್ವಲ್ಪ ತೆಗೆಯುವುದು, ಇಷ್ಟೇ. ಅಲ್ಲಿ ಚಿಕಿತ್ಸೆ ಬದಲಾಗುವುದಿಲ್ಲ. ಹೊಸ ಮದ್ದಿನ ಟ್ರಯಲ್ ಬೇರೆ. ಅದಕ್ಕೆ 2019ರ ‘ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ’ ಉಂಟು. ಟ್ರಯಲಿನಿಂದ ದೇಹಕ್ಕೆ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವನ್ನೂ ಕೊಡಬೇಕು. ಆದ್ದರಿಂದ ಡಾಕ್ಟರನ್ನು ನೇರವಾಗಿ ಕೇಳಿ: “ನಾವು ಸೇರದಿದ್ದರೆ ಅಮ್ಮನಿಗೆ ಏನು ಮಾಡುತ್ತಿದ್ದಿರಿ? ಸೇರಿದರೆ ಅದಕ್ಕಿಂತ ಬೇರೆ ಏನು ಮಾಡುತ್ತೀರಿ?” ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಎಂಟು ಪುಟದಲ್ಲಿ ಆರು ಪುಟ ಅರ್ಥವಾದ ಹಾಗೆಯೇ. ಸ್ಟಡಿಗಾಗಿಯೇ ಮಾಡುವ ಟೆಸ್ಟಿನ ಬಿಲ್ ನಿಮ್ಮ ತಲೆಗೆ ಬರಬಾರದು, ಅದನ್ನೂ ಕೇಳಿಕೊಳ್ಳಿ. ಫಾರಂನ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಅದರಲ್ಲಿ ಸ್ಟಡಿ ನಡೆಸುವ ಡಾಕ್ಟರ ನಂಬರೂ, ಸ್ಟಡಿಯಲ್ಲಿ ರೋಗಿಗೆ ಅನ್ಯಾಯ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಯ ನಂಬರೂ ಇರುತ್ತದೆ.

ಎಥಿಕ್ಸ್ ಕಮಿಟಿ ಅಂದರೆ ಆಸ್ಪತ್ರೆಯವರೇ ಕೂತು ಪಾಸ್ ಮಾಡುವುದು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಮದ್ದಿನ ಟ್ರಯಲ್ ನೋಡುವ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು, ಅರ್ಧದಷ್ಟಾದರೂ ಹೊರಗಿನವರು. ಒಬ್ಬರು ಕಾನೂನು ತಿಳಿದವರು, ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯರು. ಹಿಂದೆ ನಾನು ಕಂಡ ಒಂದು ಕಮಿಟಿಯಲ್ಲಿ ಆ ಸಾಮಾನ್ಯ ಸದಸ್ಯರು ನಿವೃತ್ತ ಕನ್ನಡ ಟೀಚರ್. ಫಾರಂನ ಒಂದೊಂದು ವಾಕ್ಯವನ್ನೂ ಮಕ್ಕಳ ಕಾಪಿ ಪುಸ್ತಕ ತಿದ್ದಿದ ಹಾಗೆ ತಿದ್ದುತ್ತಿದ್ದರು. ಅವರಿಂದ ನಾನು ಕಲಿತದ್ದು ಬಹಳ.

ಬೇಡ ಅಂದರೆ ಚಿಕಿತ್ಸೆ ಕಡಿಮೆ ಮಾಡುವ ಹಾಗಿಲ್ಲ. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆ ಹೊರಗೆ ಬರಬಹುದು. ಇದು ಯಾರೋ ಮಾಡುವ ಉಪಕಾರ ಅಲ್ಲ, ನಿಮ್ಮ ಹಕ್ಕು. ಆದರೆ ನಿಯಮ ಇದ್ದ ಕಡೆಯಲ್ಲೆಲ್ಲ ನಡತೆ ಇರುವುದಿಲ್ಲ ಎನ್ನುವುದೂ ನನಗೆ ಗೊತ್ತು. ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ, ಬೆಳಿಗ್ಗೆ ರಕ್ತ ತೆಗೆದು, ಮೂರು ದಿನ ಬಿಟ್ಟು ಡಿಸ್ಚಾರ್ಜ್ ಹೊತ್ತಿಗೆ ಬಿಲ್ಲಿನ ಕಾಗದಗಳ ನಡುವೆ ಒಪ್ಪಿಗೆಯ ಸಹಿ ಹಾಕಿಸಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಆಗ ನಾನು ಹೊಸಬಳು, ಬಾಯಿ ಬಿಡಲಿಲ್ಲ. ಆ ರೋಗಿಯ ಮುಖ ಇವತ್ತಿಗೂ ನೆನಪಿದೆ. ನಿಮಗೆ ಹಾಗೆ ಆದರೆ ಫಾರಂನಲ್ಲಿರುವ ಎಥಿಕ್ಸ್ ಕಮಿಟಿಯ ನಂಬರಿಗೆ ಫೋನ್ ಮಾಡಿ.

ನಮ್ಮ ಡಾಕ್ಟರಿಗೆ 30 ವರ್ಷದ ಅನುಭವ, ಒಳ್ಳೆಯ ಕೈಗುಣ. ಅವರು ಇದು ಒಳ್ಳೆಯ ಮದ್ದು ಅಂದರೆ ಸಾಲದೇ? ಸಾವಿರಾರು ಜನರ ಮೇಲೆ ಸ್ಟಡಿ ಯಾಕೆ ಬೇಕು?
— ಉಡುಪಿಯ ನಿವೃತ್ತ ಅಧ್ಯಾಪಕರು

ಸರ್, ಕೈಗುಣವನ್ನು ನಾನೂ ನಂಬುತ್ತೇನೆ. ರೋಗಿಯ ಮುಖ ನೋಡಿಯೇ ಏನೋ ಸರಿಯಿಲ್ಲ ಅಂತ ಹೇಳುವ ಡಾಕ್ಟರುಗಳನ್ನು ಕಂಡಿದ್ದೇನೆ. ಆದರೆ ಹತ್ತು ಜನಕ್ಕೆ ಒಂದು ಮದ್ದು ಕೊಟ್ಟು ಎಂಟು ಜನ ಎದ್ದು ಕೂತರೆ, ಮದ್ದು ಕೊಡದಿದ್ದರೂ ಆ ಎಂಟು ಜನ ಏಳುತ್ತಿದ್ದರೋ ಏನೋ, ಒಬ್ಬ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಕೋವಿಡ್ ಕಾಲದ ಪ್ಲಾಸ್ಮಾ ನೆನಪಿದೆಯಲ್ವಾ? ಗುಣವಾದವರ ರಕ್ತದಿಂದ ಪ್ಲಾಸ್ಮಾ ತೆಗೆದು ಕಾಯಿಲೆಯವರಿಗೆ ಕೊಡುವುದು. ಕೇಳಲು ಬಹಳ ಸರಿ ಅನ್ನಿಸುತ್ತದೆ. ಐ.ಸಿ.ಎಂ.ಆರ್., ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇದನ್ನು ಪರೀಕ್ಷೆ ಮಾಡಿತು. 2020ರ ಏಪ್ರಿಲಿನಿಂದ ಜುಲೈವರೆಗೆ, ದೇಶದ 39 ಆಸ್ಪತ್ರೆಗಳಲ್ಲಿ, 464 ರೋಗಿಗಳು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಅರ್ಧ ಜನಕ್ಕೆ ಅದರ ಜೊತೆ ಪ್ಲಾಸ್ಮಾ. ಪ್ಲಾಸ್ಮಾ ಪಡೆದವರಲ್ಲಿ 100ಕ್ಕೆ 19 ಜನರಿಗೆ ಕಾಯಿಲೆ ಉಲ್ಬಣಿಸಿತು ಅಥವಾ ಅವರು ತೀರಿಕೊಂಡರು. ಪಡೆಯದವರಲ್ಲಿ 18. ಪ್ರಯೋಜನ ಏನೂ ಕಾಣಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲೇ ಇದು ಅಚ್ಚಾಯಿತು.

ಆದರೂ 2021ರ ಮೇ ತಿಂಗಳಲ್ಲಿ ನಾವೆಲ್ಲ ಪ್ಲಾಸ್ಮಾ ಹುಡುಕುತ್ತಿದ್ದೆವು. ನಾನೂ. ಚಿಕ್ಕಪ್ಪ ಆಕ್ಸಿಜನ್ ಮೇಲಿದ್ದರು. ತಮ್ಮ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, “ಅಕ್ಕ, ನಿನಗೆ ಗೊತ್ತಿರುವವರು ಇರ್ತಾರೆ, ಬಿ ಪಾಸಿಟಿವ್ ಬೇಕು” ಅಂದ. ಆ ಸ್ಟಡಿಯನ್ನು ನಾನು ಓದಿದ್ದೆ. ಓದಿಯೂ ಸುರತ್ಕಲ್‌ನಿಂದ ಉಳ್ಳಾಲದವರೆಗೆ ಹದಿನೇಳು ಜನಕ್ಕೆ ಫೋನ್ ಮಾಡಿದೆ. ನಮ್ಮವರು ಉಸಿರಿಗೆ ಒದ್ದಾಡುವಾಗ ‘ಪ್ರಯೋಜನ ಇಲ್ಲವಂತೆ’ ಅಂತ ಹೇಳಿ ಕೂರಲು ನನ್ನಿಂದ ಆಗಲಿಲ್ಲ. ಅದೇ ತಿಂಗಳು ಐ.ಸಿ.ಎಂ.ಆರ್. ಪ್ಲಾಸ್ಮಾವನ್ನು ಚಿಕಿತ್ಸೆಯ ಪಟ್ಟಿಯಿಂದ ತೆಗೆಯಿತು.

ಚಿಕ್ಕಪ್ಪ ಉಳಿದರು. ಅವರಿಗೆ ಆಕ್ಸಿಜನ್ ಜೊತೆ ಕೊಟ್ಟದ್ದು ಡೆಕ್ಸಾಮೆಥಾಸೋನ್ ಎನ್ನುವ ಹಳೆಯ, ಬಹಳ ಕಡಿಮೆ ಬೆಲೆಯ ಮದ್ದು. ಅವರು ಉಳಿದದ್ದು ಅದರಿಂದಲೇ ಅಂತ ನಾನು ಹೇಳಲಾರೆ. ಒಬ್ಬರನ್ನು ನೋಡಿ ಹೇಳಲು ಆಗುವುದಿಲ್ಲ, ಅದನ್ನೇ ಅಲ್ವಾ ಇಷ್ಟು ಹೊತ್ತು ಹೇಳಿದ್ದು? ಆದರೆ ಬ್ರಿಟನ್ನಿನ ‘ರಿಕವರಿ’ ಟ್ರಯಲಿನಲ್ಲಿ 6,000ಕ್ಕೂ ಹೆಚ್ಚು ರೋಗಿಗಳನ್ನು ಹೋಲಿಸಿ ನೋಡಿದಾಗ, ವೆಂಟಿಲೇಟರಿನಲ್ಲಿದ್ದವರ ಸಾವು ಈ ಮದ್ದಿನಿಂದ ಮೂರರಲ್ಲಿ ಒಂದು ಪಾಲು ಇಳಿಯಿತು. ಆಕ್ಸಿಜನ್ ಮಾತ್ರ ಬೇಕಾದವರಲ್ಲಿ ಐದರಲ್ಲಿ ಒಂದು ಪಾಲು. ಆಕ್ಸಿಜನ್ ಬೇಡದವರಿಗೆ ಲಾಭ ಏನೂ ಇರಲಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎನ್ನುವ ಈ ಗೆರೆಯನ್ನು ಯಾವ ಕೈಗುಣವೂ ಎಳೆಯಲಾರದು, ಸರ್.

ಟ್ರಯಲಿಗೆ ಸೇರಿದವರಲ್ಲಿ ಅರ್ಧ ಜನಕ್ಕೆ ಸುಳ್ಳು ಮಾತ್ರೆ ಕೊಡುತ್ತಾರಂತೆ. ಇದು ಮೋಸ ಅಲ್ವಾ?
— ಕುಂದಾಪುರದ ಓದುಗರು

ಹೇಳದೆ ಕೊಟ್ಟರೆ ಮೋಸ. ‘ನಿಮಗೆ ಎರಡರಲ್ಲಿ ಯಾವುದು ಸಿಗುತ್ತದೆ ಅಂತ ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ’ ಅಂತ ಮೊದಲೇ ಹೇಳಿ, ಒಪ್ಪಿದವರನ್ನು ಮಾತ್ರ ಸೇರಿಸಿಕೊಂಡರೆ ಮೋಸ ಅಲ್ಲ. ಹಾಗಂತ ಗುಣಪಡಿಸುವ ಮದ್ದು ಇರುವ ಕಾಯಿಲೆಯಲ್ಲಿ ಬರೀ ಸುಳ್ಳು ಮಾತ್ರೆ ಕೊಟ್ಟು ಮಲಗಿಸುವುದು ಸರಿಯಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಸ್ಕ್ರಬ್ ಟೈಫಸ್ ಜ್ವರ ನಿಮ್ಮ ಕಡೆಯೂ ಬರುತ್ತದೆ. ಹುಲ್ಲು, ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ ಕಚ್ಚಿ ಬರುವ ಜ್ವರ. ಕೆಲವರಿಗೆ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರುತ್ತದೆ. ಜ್ವರ ಜೋರಾದವರಿಗೆ ಡಾಕ್ಸಿಸೈಕ್ಲಿನ್ ಒಳ್ಳೆಯದೋ, ಅಜಿತ್ರೊಮೈಸಿನ್ ಒಳ್ಳೆಯದೋ, ಎರಡೂ ಸೇರಿಸಿದರೆ ಒಳ್ಳೆಯದೋ ಅಂತ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯವರ ಮುಂದಾಳುತನದಲ್ಲಿ ನಮ್ಮ ದೇಶದಲ್ಲೇ ಟ್ರಯಲ್ ನಡೆಯಿತು. 2023ರಲ್ಲಿ ಫಲಿತಾಂಶ ಬಂತು. 794 ರೋಗಿಗಳು. ಪ್ಲಸೀಬೊ, ಅಂದರೆ ನೀವು ಹೇಳುವ ಸುಳ್ಳು ಮದ್ದು, ಅದರಲ್ಲೂ ಇತ್ತು. ಆದರೆ ಅದು ಇದ್ದದ್ದು ಯಾರಿಗೆ ಏನು ಸಿಕ್ಕಿದೆ ಅಂತ ಗೊತ್ತಾಗದಿರಲಿ ಅಂತ ಮಾತ್ರ. ಕೆಲಸ ಮಾಡುವ ಮದ್ದು ಒಂದಾದರೂ ಎಲ್ಲರಿಗೂ ಸಿಕ್ಕಿತ್ತು. ಸಾವು, ಏಳನೇ ದಿನಕ್ಕೂ ಬಿಡದ ತೊಂದರೆ, ಐದನೇ ದಿನಕ್ಕೂ ಇಳಿಯದ ಜ್ವರ, ಇವೆಲ್ಲ ಸೇರಿಸಿ ಎಣಿಸಿದಾಗ ಒಂದೊಂದೇ ಮದ್ದು ಪಡೆದವರಲ್ಲಿ 100ಕ್ಕೆ 47, 48 ಜನ. ಎರಡೂ ಪಡೆದವರಲ್ಲಿ 33. ಸಾವನ್ನು ಮಾತ್ರ ಎಣಿಸಿದರೆ ಮೂರರಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಯಾರಿಗೆ ಯಾವುದು ಅಂತ ಡಾಕ್ಟರ್ ಆರಿಸಿದರೆ ಗಟ್ಟಿ ಇರುವವರೆಲ್ಲ ಒಂದೇ ಕಡೆ ಸೇರಿಬಿಡಬಹುದು. ಅದಕ್ಕೇ ಚೀಟಿ ಎತ್ತಿದ ಹಾಗೆ ಹಂಚುವುದು. ಕನ್ನಡದ ಫಾರಂಗಳಲ್ಲಿ ಇದನ್ನು ‘ಯಾದೃಚ್ಛಿಕ ಹಂಚಿಕೆ’ ಅಂತ ಬರೆಯುತ್ತಾರೆ. ನಾನು ಕೆಲಸದಲ್ಲಿದ್ದಷ್ಟು ದಿನ ಅದನ್ನು ‘ಚೀಟಿ ಎತ್ತಿದ ಹಾಗೆ’ ಅಂತ ಬದಲಿಸಲು ಹೋರಾಡಿದೆ. ಎರಡು ಸ್ಟಡಿಯಲ್ಲಿ ಗೆದ್ದೆ.

ಸ್ಟಡಿಗೆ ಸೇರಿದರೆ ದುಡ್ಡು ಕೊಡುತ್ತಾರಾ?
— ಸುರತ್ಕಲ್ ಓದುಗರು

ಬಂದು ಹೋಗುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋದದ್ದಕ್ಕೆ ಸ್ವಲ್ಪ, ಇಷ್ಟು ಕೊಡಬಹುದು, ಕೊಡಬೇಕು. ದುಡ್ಡಿನ ಆಸೆಗೇ ಸೇರುವಷ್ಟು ಕೊಡಬಾರದು. ಯಾರಾದರೂ ದೊಡ್ಡ ಮೊತ್ತ ಹೇಳಿದರೆ ಫಾರಂನಲ್ಲಿ ‘ಸಿ.ಟಿ.ಆರ್.ಐ.’ ನಂಬರ್ ಇದೆಯಾ ನೋಡಿ. 2009ರಿಂದ ಮದ್ದಿನ ಟ್ರಯಲ್‌ಗಳನ್ನು ಆ ಸರಕಾರಿ ಪಟ್ಟಿಯಲ್ಲಿ ನೋಂದಾಯಿಸಲೇಬೇಕು. ಮನೆಯ ಮಕ್ಕಳು ಮೊಬೈಲಿನಲ್ಲೇ ಹುಡುಕಿ ಕೊಡುತ್ತಾರೆ.

ಸಿಸ್ಟರ್, ನಾನು ಪಿ.ಜಿ. ವಿದ್ಯಾರ್ಥಿನಿ. ಥೀಸಿಸ್ಸಿಗೆ 80 ಜನ ಬೇಕು, ಸಿಕ್ಕಿದ್ದು 31. ಸ್ಟಡಿ ಅಂದ ಕೂಡಲೇ ಬೇಡ ಅಂತಾರೆ. ಹೇಗೆ ಕೇಳಬೇಕು?
— ದೇರಳಕಟ್ಟೆಯಿಂದ

ಮಗಾ, ಮೊದಲು ಒಂದು ಕುರ್ಚಿ ಎಳೆದುಕೊಂಡು ಕೂತುಕೋ. ಮಂಚದ ಕಾಲ ಬುಡದಲ್ಲಿ ನಿಂತು ಕೇಳಬೇಡ. ರೌಂಡ್ಸ್ ಹೊತ್ತಿಗೆ, ದೊಡ್ಡ ಡಾಕ್ಟರ ಎದುರು ಕೇಳಬೇಡ. ಆಗ ಬರುವ ‘ಹೂಂ’ ಒಪ್ಪಿಗೆ ಅಲ್ಲ, ಹೆದರಿಕೆ. ಆಪರೇಷನ್ನಿನ ಬೆಳಿಗ್ಗೆ ಕೇಳಲೇಬೇಡ. ಊಟ ಆಗಿ ಜನ ಸ್ವಲ್ಪ ಹಗುರಾಗುವ ಮಧ್ಯಾಹ್ನದ ಹೊತ್ತು ಒಳ್ಳೆಯದು. ಊರು ಯಾವುದು ಕೇಳು. ಆಮೇಲೆ ‘ಸ್ಟಡಿ’ ಎನ್ನುವ ಪದ ಬಿಟ್ಟು, ನೀನು ಏನನ್ನು ಹುಡುಕುತ್ತಿದ್ದೀ ಅಂತ ಹೇಳು. ಅದನ್ನು ನಿನ್ನ ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಆಗದಿದ್ದರೆ ಗೈಡ್ ಹತ್ತಿರ ಹೋಗಿ ಇನ್ನೊಮ್ಮೆ ಕೇಳು. ಇನ್ನೊಂದು ಮಾತು. ಮುಗಿದ ಮೇಲೆ ಏನು ಗೊತ್ತಾಯಿತು ಅಂತ ಆ 80 ಜನಕ್ಕೂ ತಿಳಿಸು. ಒಂದು ಕಾರ್ಡ್ ಸಾಕು. ಅದನ್ನು ಮಾಡಿದ ಡಾಕ್ಟರನ್ನು ನನ್ನ 9 ವರ್ಷದಲ್ಲಿ ಇಬ್ಬರನ್ನು ಮಾತ್ರ ಕಂಡೆ.

ಎಲ್ಲ ಸರಿ. ಆದರೆ ಸೇರಿದ ರೋಗಿಗೆ ಏನು ಲಾಭ?
— ಕಾರ್ಕಳದ ಓದುಗರು

ಏನೂ ಇಲ್ಲದಿರಬಹುದು. ಫಾರಂನಲ್ಲೂ ಹಾಗೆಯೇ ಬರೆದಿರುತ್ತಾರೆ, ಅದು ನಿಜ.

ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1971ರಲ್ಲಿ ಅವರಿಗೆ ಟಿ.ಬಿ. ಬಂತು. ನನಗಾಗ ಒಂಬತ್ತು ವರ್ಷ. ನೆರೆಯವರು, “ಇನ್ನು ಇವರನ್ನು ದೂರದ ಟಿ.ಬಿ. ಆಸ್ಪತ್ರೆಗೆ, ಸ್ಯಾನಿಟೋರಿಯಂಗೆ ಕಳಿಸಬೇಕು, ವರ್ಷ ಕಳೆಯುತ್ತದೆ ಬರಲು” ಅಂದರು. ಅಮ್ಮ ಅತ್ತರು. ಆದರೆ ಡಾಕ್ಟರ್ ಹಾಗೆ ಹೇಳಲಿಲ್ಲ. ಮನೆಯಲ್ಲೇ ಇರಿ, ಮಾತ್ರೆ ತಪ್ಪಿಸಬೇಡಿ, ಸೂಜಿಗೆ ಬನ್ನಿ ಅಂದರು. ಅಪ್ಪ ಮನೆಯಲ್ಲೇ ಇದ್ದರು.

ಡಾಕ್ಟರಿಗೆ ಹಾಗೆ ಹೇಳುವ ಧೈರ್ಯ ಎಲ್ಲಿಂದ ಬಂತು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ, ರಿಸರ್ಚ್ ನರ್ಸ್ ತರಬೇತಿಯಲ್ಲಿ. 1956ರಲ್ಲಿ ಮದ್ರಾಸಿನಲ್ಲಿ ಒಂದು ಸ್ಟಡಿ ಶುರುವಾಗಿತ್ತು. 193 ಟಿ.ಬಿ. ರೋಗಿಗಳು, ಹೆಚ್ಚಿನವರು ಇಕ್ಕಟ್ಟಾದ ಮನೆಗಳಲ್ಲಿದ್ದ ಬಡವರು. ಅರ್ಧದಷ್ಟು ಜನಕ್ಕೆ ಸ್ಯಾನಿಟೋರಿಯಂನಲ್ಲಿ ಹಾಸಿಗೆ, ವಿಶ್ರಾಂತಿ, ಒಳ್ಳೆಯ ಊಟ. ಉಳಿದವರಿಗೆ ಅವರವರ ಮನೆಯಲ್ಲೇ, ಸಿಕ್ಕಿದ್ದನ್ನು ತಿಂದುಕೊಂಡು, ಅದೇ ಮಾತ್ರೆ. ಒಂದು ವರ್ಷ ಬಿಟ್ಟು ನೋಡಿದರೆ ಎರಡೂ ಕಡೆ ಗುಣ ಹೆಚ್ಚುಕಡಿಮೆ ಒಂದೇ. ಮನೆಯವರಿಗೆ ಕಾಯಿಲೆ ಹೆಚ್ಚು ಹರಡಲೂ ಇಲ್ಲ. 1959ರಲ್ಲಿ ಅದು ಅಚ್ಚಾಯಿತು.

ಆ 193 ಜನರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಅವರಿಗೂ ನಾವು ಗೊತ್ತಿರಲಿಲ್ಲ. ಆ ವರ್ಷ ಪೂರ್ತಿ ಅಪ್ಪ ಸಂಜೆ ಹೊತ್ತು ಜಗಲಿಯ ಮೂಲೆಯಲ್ಲಿ ಕೂತು, ನಾನು ಸ್ವಲ್ಪ ದೂರದಲ್ಲಿ ಕೂತು, ಮಗ್ಗಿ ಹೇಳುತ್ತಿದ್ದೆವು. ಹತ್ತೊಂಬತ್ತರ ಮಗ್ಗಿ ನಾನು ಕಲಿತದ್ದು ಹಾಗೆ.