ಯಾವ ಹಕ್ಕಿಗಾಗಿ ಆ ಯುದ್ಧ?

ಗದಗಿನ ನಿವೃತ್ತ ಇತಿಹಾಸ ಶಿಕ್ಷಕರೊಬ್ಬರು ಕಳೆದ ಸಂಚಿಕೆಯ ಲಿಂಕನ್ ಲೇಖನವನ್ನು ಒಪ್ಪದೆ ಪತ್ರ ಬರೆದಿದ್ದಾರೆ. ಅದರ ಸಾರ ಇದು: ‘ಅಮೆರಿಕದ ಅಂತರ್ಯುದ್ಧಕ್ಕೆ ಗುಲಾಮಗಿರಿಯೇ ಕಾರಣ ಎಂದಿದ್ದೀರಿ. ರಾಜ್ಯಗಳ ಹಕ್ಕು ಮತ್ತು ಆಮದು ಸುಂಕ ಕಾರಣವೆಂದು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೆಯೇ ಮಾಡುತ್ತೇನೆ ಎಂದು ಲಿಂಕನ್ನನೇ ಬರೆದಿಲ್ಲವೆ? ಗುಲಾಮಗಿರಿಯೇ ಕಾರಣವಾಗಿದ್ದರೆ ಎಪ್ಪತ್ತು ವರ್ಷ ಕೂಡಿ ಬಾಳಿದವರು ಒಮ್ಮೆಲೇ ಬಂದೂಕು ಹಿಡಿದದ್ದೇಕೆ?’

ಮಾನ್ಯ ಗುರುಗಳೇ,

ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಬಲವಾದದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ. ಅವರು ಎಪ್ಪತ್ತು ವರ್ಷ ಕೂಡಿ ಬಾಳಲಿಲ್ಲ, ಜಗಳವನ್ನು ಮುಂದೂಡುತ್ತ ಬಂದರು. 1787ರಲ್ಲಿ ಸಂವಿಧಾನ ಬರೆದವರು ‘ಗುಲಾಮ’ ಎಂಬ ಪದವನ್ನೇ ಅದರಲ್ಲಿ ಬಳಸಲಿಲ್ಲ. ಆದರೆ ಪ್ರತಿನಿಧಿ ಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿದರು. ಮತದ ಹಕ್ಕಿಲ್ಲದವರ ತಲೆ ಎಣಿಸಿ ಅವರ ಒಡೆಯರಿಗೆ ಹೆಚ್ಚಿನ ಬಲ ಕೊಟ್ಟ ಲೆಕ್ಕ ಅದು. ಜೊತೆಗೆ, ಬೇರೆ ರಾಜ್ಯಕ್ಕೆ ತಪ್ಪಿಸಿಕೊಂಡು ಹೋದವರನ್ನು ಒಡೆಯನಿಗೆ ಒಪ್ಪಿಸಬೇಕು ಎಂಬ ವಿಧಿಯನ್ನೂ ಸೇರಿಸಿದರು. ಈ ವಿಧಿಯನ್ನು ದಯವಿಟ್ಟು ನೆನಪಿನಲ್ಲಿಡಿ.

ಗುಲಾಮಗಿರಿ ತಾನಾಗಿಯೇ ಸೊರಗುತ್ತದೆ ಎಂದು ಆಗ ಹಲವರು ನಂಬಿದ್ದರು. ಆ ನಂಬಿಕೆಯನ್ನು ಹತ್ತಿ ಸುಳ್ಳು ಮಾಡಿತು. ಅರಳೆಯಿಂದ ಬೀಜ ಬೇರ್ಪಡಿಸುವುದು ಎಂಥ ಕೆಲಸವೆಂದು ಗದಗಿನವರಿಗೆ ನಾನು ಹೇಳಬೇಕಾಗಿಲ್ಲ. 1793ರಲ್ಲಿ ಎಲಿ ವಿಟ್ನಿಯ ಜಿನ್ ಯಂತ್ರ ಬಂದು ಅದು ಹಗುರಾದ ಮೇಲೆ, ಹೊಲದಲ್ಲಿ ಹತ್ತಿ ಬಿಡಿಸುವ ಕೈಗಳಿಗೆ ಬೇಡಿಕೆ ಏರಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷವಾಯಿತು. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ ಆಗಿತ್ತು. ವರ್ಜೀನಿಯಾದಂಥ ಹಳೆಯ ರಾಜ್ಯಗಳಿಂದ ಮಿಸಿಸಿಪ್ಪಿಯ ಕಡೆಗೆ ಮನುಷ್ಯರನ್ನು ಮಾರಿ ಸಾಗಿಸಿದರು. ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. (ಅಲ್ಲಿನ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಬ್ರಿಟಿಷರು 1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಮಣ್ಣಿನಲ್ಲಿ ಬೆಳೆಸಿದ್ದು, ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ನಿಮ್ಮ ಸೀಮೆಯ ಮೇಲೆ ಬಿದ್ದದ್ದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.)

ಪಶ್ಚಿಮದಲ್ಲಿ ಹೊಸ ರಾಜ್ಯ ಹುಟ್ಟಿದಾಗಲೆಲ್ಲ ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಎದ್ದಿತು. 1820ರಲ್ಲಿ ಮಿಸೌರಿಯನ್ನು ಗುಲಾಮಗಿರಿಯ ರಾಜ್ಯವಾಗಿಯೂ ಮೇನ್ ಅನ್ನು ಗುಲಾಮಗಿರಿಯಿಲ್ಲದ ರಾಜ್ಯವಾಗಿಯೂ ಸೇರಿಸಿಕೊಳ್ಳಲು ಒಪ್ಪಿ ತಕ್ಕಡಿ ಸರಿದೂಗಿಸಿದರು. ಪಶ್ಚಿಮದ ಉಳಿದ ನೆಲದಲ್ಲಿ ಇದರ ಉತ್ತರಕ್ಕೆ ಗುಲಾಮಗಿರಿ ಇರಕೂಡದು ಎಂದು ನಕ್ಷೆಯ ಮೇಲೊಂದು ಗೆರೆಯನ್ನೂ ಎಳೆದರು. ಮೆಕ್ಸಿಕೋ ಜೊತೆಗಿನ ಯುದ್ಧ 1848ರಲ್ಲಿ ಮುಗಿದು ವಿಶಾಲವಾದ ಹೊಸ ನೆಲ ಸಿಕ್ಕಾಗ ಆ ಗೆರೆ ಸಾಲದಾಯಿತು. 1850ರಲ್ಲಿ ಮತ್ತೊಂದು ಒಪ್ಪಂದವಾಯಿತು. ಕ್ಯಾಲಿಫೋರ್ನಿಯಾ ಗುಲಾಮಗಿರಿಯಿಲ್ಲದ ರಾಜ್ಯವಾಯಿತು. ಬದಲಿಗೆ ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳವರು ಕೇಳಿ ಪಡೆದದ್ದು ಪರಾರಿ ಗುಲಾಮರನ್ನು ಹಿಡಿದೊಪ್ಪಿಸುವ ಕಠಿಣ ಕಾಯಿದೆ.

ರಾಜ್ಯಗಳ ಹಕ್ಕಿನ ವಾದವನ್ನು ನಾನು ಕೈಬಿಟ್ಟದ್ದು ಈ ಕಾಯಿದೆಯ ವಿವರಗಳನ್ನು ತಿಳಿದ ಮೇಲೆ. ತಪ್ಪಿಸಿಕೊಂಡು ಬಂದವನೆಂದು ಸೆರೆಸಿಕ್ಕವನಿಗೆ ಜ್ಯೂರಿ ವಿಚಾರಣೆ ಇಲ್ಲ. ಅವನು ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿಲ್ಲ. ತೀರ್ಮಾನ ಮಾಡುವ ಕೇಂದ್ರದ ಕಮಿಷನರ್‌ಗೆ, ಸೆರೆಸಿಕ್ಕವನನ್ನು ಬಿಟ್ಟುಬಿಟ್ಟರೆ 5 ಡಾಲರ್, ಒಡೆಯನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ. ದಾರಿಯಲ್ಲಿ ಹೋಗುವ ಸಾಮಾನ್ಯನನ್ನೂ ಹಿಡಿಯುವ ಕೆಲಸಕ್ಕೆ ಕರೆಯಬಹುದಿತ್ತು. ಉತ್ತರದ ರಾಜ್ಯಗಳ ಕಾನೂನನ್ನು ವಾಷಿಂಗ್ಟನ್ನಿನ ಬಲದಿಂದ ತುಳಿಯುವ ಕಾಯಿದೆ ಇದು. ಇದನ್ನು ಒಪ್ಪದೆ ‘ನಮ್ಮ ರಾಜ್ಯ, ನಮ್ಮ ಹಕ್ಕು’ ಎಂದದ್ದು ಉತ್ತರದ ವಿಸ್ಕಾನ್ಸಿನ್. ಅಲ್ಲಿನ ಹೈಕೋರ್ಟಿಗೆ ಸಮನಾದ ನ್ಯಾಯಾಲಯ 1854ರಲ್ಲಿ ಕಾಯಿದೆಯನ್ನು ಅಸಾಂವಿಧಾನಿಕ ಎಂದಿತು. 1859ರಲ್ಲಿ ದೇಶದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಆಗ ದಕ್ಷಿಣ ನಿಂತದ್ದು ವಾಷಿಂಗ್ಟನ್ನಿನ ಪಕ್ಕದಲ್ಲಿ.

ಆಂಥನಿ ಬರ್ನ್ಸ್‌ನ ಕತೆಯನ್ನು ನಮ್ಮ ಲೇಖನ ಬಿಟ್ಟದ್ದಕ್ಕೆ ನನಗೆ ವಿಷಾದವಿದೆ. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಾಸ್ಟನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತರ ಹರೆಯದ ಯುವಕ ಅವನು. 1854ರ ಮೇ ತಿಂಗಳಲ್ಲಿ ಅವನನ್ನು ಹಿಡಿದರು. ಬಿಡಿಸಲು ಜನ ನ್ಯಾಯಾಲಯದ ಬಾಗಿಲಿಗೆ ನುಗ್ಗಿದರು, ಕಾವಲಿನವನೊಬ್ಬ ಸತ್ತ. ಜೂನ್ 2ರಂದು ಸೈನಿಕರ ಸಾಲಿನ ನಡುವೆ ಅವನನ್ನು ಹಡಗಿಗೆ ನಡೆಸಿಕೊಂಡು ಹೋದಾಗ ಬೀದಿಯ ಇಕ್ಕೆಲದ ಕಟ್ಟಡಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ‘ಸ್ವಾತಂತ್ರ್ಯ’ ಎಂದು ಬರೆದ ಶವಪೆಟ್ಟಿಗೆಯೊಂದು ಬೀದಿಯ ಮೇಲೆ ತೂಗುತ್ತಿತ್ತು. ಗುಲಾಮಗಿರಿ ದೂರದ ದಕ್ಷಿಣದ ವಿಷಯ ಎಂದುಕೊಂಡಿದ್ದ ಊರು ಅದನ್ನು ತನ್ನ ಬೀದಿಯಲ್ಲೇ ಕಂಡಿತು. ಆಮೇಲೆ ಹಿತೈಷಿಗಳು ಹಣ ಕೂಡಿಸಿ ಬರ್ನ್ಸ್‌ನನ್ನು ಬಿಡಿಸಿದರು. ಅವನು ಕೆನಡಾದಲ್ಲಿ ಪಾದ್ರಿಯಾಗಿ 1862ರಲ್ಲಿ ತೀರಿಕೊಂಡ.

ಅದೇ ವಾರ 1820ರ ಗೆರೆಯನ್ನು ಅಳಿಸುವ ಕಾನ್ಸಾಸ್-ನೆಬ್ರಾಸ್ಕ ಕಾಯಿದೆಗೂ ಸಹಿ ಬಿತ್ತು. ಮುಂದಿನದನ್ನು ನೀವೇ ಪಾಠ ಮಾಡಿದ್ದೀರಿ: ಕಾನ್ಸಾಸಿನಲ್ಲಿ ರಕ್ತಪಾತ, 1856ರಲ್ಲಿ ಸೆನೆಟ್ ಸಭಾಂಗಣದಲ್ಲೇ ಗುಲಾಮಗಿರಿಯ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ದಕ್ಷಿಣದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬೆತ್ತದಿಂದ ಬಡಿದದ್ದು, ಕರಿಯರು ದೇಶದ ಪ್ರಜೆಗಳೇ ಅಲ್ಲ ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪು, ಗುಲಾಮರ ಬಂಡಾಯ ಎಬ್ಬಿಸಲು 1859ರಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ಜಾನ್ ಬ್ರೌನ್ ಮಾಡಿದ ದಾಳಿ. ಬ್ರೂಕ್ಸ್‌ಗೆ ದಕ್ಷಿಣದ ಅಭಿಮಾನಿಗಳು ಹೊಸ ಬೆತ್ತಗಳನ್ನು ಕಳುಹಿಸಿಕೊಟ್ಟರು. ಈ ವಿವರ ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಸುಂಕದ ಮಾತು. 1832ರಲ್ಲಿ ದಕ್ಷಿಣ ಕೆರೊಲಿನಾ ಸುಂಕದ ವಿಷಯದಲ್ಲಿ ಬಂಡೆದ್ದದ್ದು ನಿಜ. ಮರುವರ್ಷವೇ ಅದು ರಾಜಿಯಲ್ಲಿ ಮುಗಿಯಿತು. 1857ರಲ್ಲಿ ದರಗಳು ಇನ್ನೂ ಇಳಿದಿದ್ದವು. ಅವನ್ನು ಮತ್ತೆ ಏರಿಸಿದ ಕಾಯಿದೆ ಬಂದದ್ದು 1861ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಏಳು ರಾಜ್ಯಗಳು ಒಕ್ಕೂಟ ಬಿಟ್ಟಾಗಿತ್ತು.

ಬಿಟ್ಟುಹೋದವರು ಕಾರಣವನ್ನು ಮುಚ್ಚಿಡಲಿಲ್ಲ. 1860ರ ಡಿಸೆಂಬರ್‌ನಲ್ಲಿ ಎಲ್ಲರಿಗಿಂತ ಮೊದಲು ಹೊರಟ ದಕ್ಷಿಣ ಕೆರೊಲಿನಾ ತನ್ನ ಘೋಷಣೆಯಲ್ಲಿ ದೂರಿದ್ದು ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಒಪ್ಪಿಸುತ್ತಿಲ್ಲ ಎಂದು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅದರ ಅಹವಾಲು. ಮಿಸಿಸಿಪ್ಪಿ, ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಸಂಪೂರ್ಣ ಬೆಸೆದುಕೊಂಡಿದೆ ಎಂದು ಬರೆಯಿತು. ಹೊಸ ದಕ್ಷಿಣ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ತಮ್ಮ ಸರ್ಕಾರದ ಮೂಲೆಗಲ್ಲು ಎಂದು ಭಾಷಣ ಮಾಡಿದ. ಇವರ ಮಾತನ್ನು ನಾವೇಕೆ ನಂಬಬಾರದು?

ಲಿಂಕನ್ನನ ವಿಷಯದಲ್ಲಿ ನೀವು ನಮ್ಮನ್ನು ತಿದ್ದಿದ್ದು ಸರಿ. ಅವನು ಮೊದಲ ದಿನದಿಂದಲೇ ಬಿಡುಗಡೆಗಾಗಿ ಹೋರಾಡಿದ ಎಂಬಂತೆ ನಮ್ಮ ಲೇಖನ ಬರೆಯಬಾರದಿತ್ತು. ಗುಲಾಮಗಿರಿ ಹೊಸ ನೆಲಕ್ಕೆ ಹಬ್ಬಬಾರದು, ಇರುವ ಕಡೆ ಅದನ್ನು ಮುಟ್ಟುವುದಿಲ್ಲ ಎಂದೇ ಅವನು 1860ರಲ್ಲಿ ಗೆದ್ದದ್ದು. ನೀವು ಹೇಳಿದ ಪತ್ರ 1862ರ ಆಗಸ್ಟ್‌ನದು. ಬಿಡುಗಡೆ ಘೋಷಣೆಯ ಕರಡನ್ನು ಅವನು ಅದಕ್ಕೆ ಒಂದು ತಿಂಗಳು ಮೊದಲೇ ಸಂಪುಟಕ್ಕೆ ಓದಿ ಹೇಳಿದ್ದ. ದಕ್ಷಿಣ ಏಕೆ ಹೊರನಡೆಯಿತು ಎಂಬುದು ಒಂದು ಪ್ರಶ್ನೆ, ಉತ್ತರ ಏಕೆ ಕಾದಿತು ಎಂಬುದು ಇನ್ನೊಂದು. ಉತ್ತರ ಮೊದಲು ಕಾದಿದ್ದು ಒಕ್ಕೂಟ ಉಳಿಸಲೆಂದೇ. ಅದನ್ನು ಬಿಡುಗಡೆಯ ಯುದ್ಧವಾಗಿಸಿದವರಲ್ಲಿ ಓಡಿಬಂದವರೇ ಮೊದಲಿಗರು ಎಂಬುದು ನನ್ನ ದೃಢ ಅಭಿಪ್ರಾಯ.

1861ರ ಮೇ 23ರ ರಾತ್ರಿ, ವರ್ಜೀನಿಯಾದ ಮತದಾರರು ಒಕ್ಕೂಟ ಬಿಡಲು ಒಪ್ಪಿದ ದಿನವೇ, ಫ್ರ್ಯಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮಲೋರಿ ಎಂಬ ಮೂವರು ಗುಲಾಮರು ದೋಣಿಯಲ್ಲಿ ಉತ್ತರದವರ ವಶದಲ್ಲಿದ್ದ ಮನ್ರೋ ಕೋಟೆಗೆ ಬಂದರು. ದಕ್ಷಿಣದ ಸೇನೆ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಿತ್ತು. ಮರುದಿನ ದಕ್ಷಿಣದ ಅಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದು, ಪರಾರಿ ಗುಲಾಮರ ಕಾಯಿದೆಯ ಪ್ರಕಾರ ಮೂವರನ್ನೂ ಒಪ್ಪಿಸಿ ಎಂದ. ನೀವು ಈಗ ಬೇರೆ ದೇಶ ಎನ್ನುತ್ತಿದ್ದೀರಲ್ಲ, ನಮ್ಮ ಕಾಯಿದೆ ಬೇರೆ ದೇಶಕ್ಕೆ ಅನ್ವಯಿಸುವುದಿಲ್ಲ ಎಂದು ಜನರಲ್ ಬೆಂಜಮಿನ್ ಬಟ್ಲರ್ ಅವನನ್ನು ಹಿಂದಕ್ಕೆ ಕಳುಹಿಸಿದ. ಕೆಲವೇ ದಿನಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಗುಂಪು ಗುಂಪಾಗಿ ಆ ಕೋಟೆಯ ಬಾಗಿಲಿಗೆ ಬರತೊಡಗಿದರು.

– ಸಂಪಾದಕ